ಗುರುವಾರದ ರೆ

ಗ್ರಿಮ್ಸ್‌ಬಿಯಲ್ಲಿ ಗುರುವಾರ ಸಂಜೆ ಆರೂವರೆಗೆ
ಲೈಬ್ರರಿಯ ಮಹಡಿಯಲ್ಲಿ ನಮಗೆ ಇಫ್ ಪಾಠ.
ಎರಡು ಸಲ ಸೋಪು ಹಚ್ಚಿ ತೊಳೆದರೂ
ಬೆರಳಲ್ಲಿ ಹ್ಯಾಡಕ್ ಮೀನಿನ ವಾಸನೆ,
ಪೆನ್ಸಿಲಿಗೂ ಅಂಟಿದೆ. ಪಕ್ಕದ ದನೂತಾಳದೂ ಅದೇ ವಾಸನೆ,
ಹಾಗಾಗಿ ನಾಚಿಕೆಯಿಲ್ಲ.

ಗ್ಲೆನಿಸ್ ಮೇಡಂ ಬೋರ್ಡಿನ ಮೇಲೆ ನಾಲ್ಕು ಮನೆ ಗೀಚಿದರು.
ಸೊನ್ನೆಯಿಂದ ಶುರು: ಐಸ್ ಕಾಯಿಸಿದರೆ ಕರಗುತ್ತದೆ.
ಇದರಲ್ಲಿ ತಕರಾರಿಲ್ಲ, ದಿನಾ ನೋಡುತ್ತೇವೆ,
ಕ್ರೇಟುಗಟ್ಟಲೆ ಕರಗಿ ಗಮ್‌ಬೂಟಿನೊಳಗೆ ಇಳಿಯುತ್ತದೆ.
ಒಂದನೆಯದು: ನಾಳೆ ಮಳೆ ಬಂದರೆ ಮನೆಯಲ್ಲೇ ಇರುತ್ತೇನೆ.
ಯಾರಪ್ಪ ಹಾಗೆ ಇರುವವರು?
ಶಿಫ್ಟು ಮಳೆಯನ್ನು ಕೇಳಿ ಬರುವುದಿಲ್ಲ.
ಎರಡನೆಯದಕ್ಕೆ ಲಾಟರಿ ಹೊಡೆಯಬೇಕು,
ಅಥವಾ ನಮ್ಮ ಕಡೆ ಹೇಳುವ ಹಾಗೆ
ಅತ್ತೆಗೆ ಮೀಸೆ ಬರಬೇಕು, ಚಿಕ್ಕಪ್ಪ ಎನ್ನಲಿಕ್ಕೆ.
ತಡವರಿಸುತ್ತ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ.
ಯೋಹಾನೆಸ್ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದ.
ಅವನ ಅತ್ತೆಗೆ ನಿಜವಾಗಿಯೂ ಇದೆಯಂತೆ.

ಇನ್ನೊಂದು ವಿಚಿತ್ರ:
ಐ ಬಂದಲ್ಲಿ ವಾಸ್ ಎಂದು ವರ್ಷವೆಲ್ಲ ತಿದ್ದಿದವರು
ಈಗ ವರ್ ಎನ್ನಿ ಅನ್ನುತ್ತಾರೆ, ಇಫ್ ಐ ವರ್ ಯೂ.
ಯಾಕೆಂದು ಕೇಳಿದರೆ, ಅದು ನಿಜವಲ್ಲವಲ್ಲ, ಅದಕ್ಕೆ.
ನಾನು ನೀನಾಗಬೇಕಾದರೆ
ವ್ಯಾಕರಣವೂ ಒಂದು ಕಾಲು ಕುಂಟಬೇಕು.

ಇವರ ಇಫ್ ಬಾಗಿಲಲ್ಲೇ ನಿಂತಿರುತ್ತದೆ, ಕೊಡೆ ಬಿಚ್ಚಿಕೊಂಡು.
ಮಾತಿಗೆ ಮೊದಲೇ ಗೊತ್ತಾಗಿಬಿಡುತ್ತದೆ ಅನುಮಾನ.
ನಮ್ಮದು ಬಾಲಕ್ಕಂಟಿದ ಒಂದೇ ಅಕ್ಷರ, ರೆ.
ಬಂದರೆ. ಉಂಡರೆ. ಸತ್ತರೆ.
ಕ್ರಿಯಾಪದ ಪೂರ್ತಿ ಒಳಗೆ ಬಂದು
ಚಾಪೆಯ ಮೇಲೆ ಕೂತ ನಂತರ ಬಾಲ ಅಲ್ಲಾಡುತ್ತದೆ.
ಬಂದರೆ ಬಂದ, ಇಲ್ಲದಿದ್ದರೆ ಇಲ್ಲ ಎಂದು
ಅಗುಳಿ ಹಾಕಿ ಮಲಗಿಬಿಡಬಹುದು.
ಆದರೆ ಎಂದರೆ ಆಗುವುದಾದರೆ,
ಆದರೆ ಎಂದರೆ ಅಡ್ಡಗಾಲೂ ಹೌದು.
ಇದನ್ನು ದನೂತಾಗೆ ವಿವರಿಸಹೋಗಿ ಅರ್ಧಕ್ಕೆ ಬಿಟ್ಟೆ.

ಮೂರನೆಯದಕ್ಕೆ ಮೇಡಂ ತಾವೇ ಒಂದು ಬರೆದರು:
ಅವನು ಫೋನ್ ಮಾಡಿದ್ದರೆ, ನಾನು
ಅಷ್ಟೇ.
ಮಾರ್ಕರಿನ ಮುಚ್ಚಳ ಹಾಕಿದರು. ತೆಗೆದರು. ಹಾಕಿದರು.
ಬಿಟ್ಟ ಸ್ಥಳ ತುಂಬಿರಿ ಎಂದೇ ತಿಳಿದೆವು ನಾವು.
ಹೋಗುತ್ತಿದ್ದೆ, ಎಂದ ಯೋಹಾನೆಸ್.
ಬೈಯುತ್ತಿದ್ದೆ, ದನೂತಾ.
ಅಡುಗೆ ಮಾಡಿಡುತ್ತಿದ್ದೆ, ನಾನು.
ತಿಂಗಳಿಂದ ಬಾಯಿ ಬಿಡದ ಬಹಾರ್ ಹಿಂದಿನ ಸಾಲಿನಿಂದ
ಎತ್ತುತ್ತಲೇ ಇರಲಿಲ್ಲ, ಎಂದಳು.
ವುಡಂಟ್ ಹ್ಯಾವ್ ಆನ್ಸರ್ಡ್. ಒಂದು ತಪ್ಪೂ ಇಲ್ಲ.
ಎಲ್ಲವೂ ಸರಿ, ಎಂದರು ಮೇಡಂ, ನಮ್ಮ ಕಡೆ ತಿರುಗದೆ.
ಎಲ್ಲವೂ ಸರಿ.
ಆಮೇಲೆ ಅಳಿಸಿದರು, ಆ ಸಾಲನ್ನಷ್ಟೇ, ಒತ್ತಿ ಒತ್ತಿ.

ಬಸ್‌ಸ್ಟಾಪಿನಲ್ಲಿ ಹಂಬರಿನ ಕಡೆಯ ಗಾಳಿ.
ನಾನು, ಮೇಡಂ, ಯಾರದೋ ಚಿಪ್ಸಿನ ಖಾಲಿ ಡಬ್ಬಿ.
ಹೇಳಬೇಕಿತ್ತು ಅವರಿಗೆ:
ನಮ್ಮಲ್ಲಿ ಒಂದು ಸ್ವರ ಎಳೆದರೆ ಸಾಕು
ರೆ ಹೋಗಿ ರೂ ಆಗುತ್ತದೆ,
ಮಾಡದಿದ್ದರೆ ಹೋಗಿ ಮಾಡದಿದ್ದರೂ.
ಅಷ್ಟು ಇಂಗ್ಲಿಷ್ ನನಗೆಲ್ಲಿ ಬರಬೇಕು?
ಹಿ ನಾಟ್ ರ‍್ಯಾಂಗ್, ಎಂದೆ. ಯೂ ಕಮ್ ಥರ್ಸ್‌ಡೇ.
ಎವ್ರಿ ಥರ್ಸ್‌ಡೇ ಯೂ ಕಮ್.

ಮೇಡಂ ತಿದ್ದಲಿಲ್ಲ.
ಕೈ ಅಡ್ಡ ಮಾಡಿದರೆ ಮಾತ್ರ ಬಸ್ಸು ನಿಲ್ಲುತ್ತದೆ ಇಲ್ಲಿ,
ಇದು ಸೊನ್ನೆಯ ಮನೆಯದು.
ಮಾಡಿದೆವು, ಇಬ್ಬರೂ.